ಒಂದು ರೇಡಿಯೋ, ಮೂರು ಕೋಣೆ

ಹಾರಂಗಿ ಹೊಳೆಯ ಈಚೆ ದಡದಲ್ಲಿ ಪುಟ್ಟಸ್ವಾಮಿಯ ಮನೆ. ಆ ಮನೆಯಲ್ಲಿದ್ದ ರೇಡಿಯೋ ಒಂದೇ, ಆದರೆ ಅದು ಬಾಯಿ ಬಿಡುತ್ತಿದ್ದದ್ದು ಮೂರು ಕೋಣೆಯಲ್ಲಿ. ಪಡಸಾಲೆಯಲ್ಲಿ ರೇಡಿಯೋ ಕೂತಿತ್ತು. ಅದರ ಬೆನ್ನಿಂದ ಹೊರಟ ವೈರು ಸೂರಿನ ತೊಲೆ ಹಿಡಿದು ಹೋಗಿ, ಒಂದು ಕವಲು ಮುದುಕಿ ಹುಚ್ಚಮ್ಮನ ಕೋಣೆಗೆ ಇಳಿದಿತ್ತು, ಇನ್ನೊಂದು ಕವಲು ಹಿತ್ತಲ ಕಡೆಯ ಅಡುಗೆಮನೆಗೆ ಇಳಿದಿತ್ತು. ಎರಡು ಕಡೆಯೂ ಮುಂದಕ್ಕೆ ಬಟ್ಟೆ ಬಿಗಿದ ಒಂದೊಂದು ಮರದ ಸ್ಪೀಕರು ಡಬ್ಬ. ಪಡಸಾಲೆಯಲ್ಲಿ ಪುಟ್ಟಸ್ವಾಮಿ ಗುಂಡಿ ತಿರುಗಿಸಿದನೋ, ಅದೇ ವಾರ್ತೆ ಮೂರು ಕಡೆ, ಅದೇ ಹಾಡು ಮೂರು ಕಡೆ. ಊರಲ್ಲಿ ಬೇರೆ ಯಾರ ಮನೆಯಲ್ಲೂ ಈ ವೈಭವ ಇರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದರಿಂದಲೇ ಕರೆಂಟು ಬಂತು ಅಂತ ಜಗಲಿಯ ಮೇಲೆ ಒಂದು ಗುಂಪು, ಸೇರದಿದ್ದರೆ ಇನ್ನೂ ಬೇಗ ಬರುತ್ತಿತ್ತು ಅಂತ ಇನ್ನೊಂದು ಗುಂಪು ಕಿತ್ತಾಡುತ್ತಿದ್ದ ಕಾಲ ಅದು. ಪುಟ್ಟಸ್ವಾಮಿ ಎರಡಕ್ಕೂ ಸೇರದೆ, ಬಂದ ಕರೆಂಟಿಗೆ ರೇಡಿಯೋ ಸಿಕ್ಕಿಸಿಕೊಂಡು ತನ್ನ ಪಾಡಿಗೆ ತಾನಿದ್ದ.

ಡಬ್ಬ ಹಾಕಿಸಿದ್ದು ಅವನ ತಾಯಿ ಹುಚ್ಚಮ್ಮನ ಸಲುವಾಗಿ. ಆಯಮ್ಮ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕಾಲು ನಿಂತುಹೋಯಿತು, ಬಾಯಿ ಮಾತ್ರ ನಿಲ್ಲಲಿಲ್ಲ. ದಿನಾ ಸಂಜೆ ರೇಡಿಯೋ ಕೇಳಲೇಬೇಕು. ಅದಕ್ಕೆ ಸೊಸೆ ಕಾಮಾಕ್ಷಮ್ಮ ಅತ್ತೆಯನ್ನು ತೋಳಲ್ಲಿ ಎತ್ತಿಕೊಂಡು ಬಂದು ಪಡಸಾಲೆಯ ಕಂಬಕ್ಕೆ ಒರಗಿಸಿ ಕೂರಿಸಬೇಕು, ಮುಗಿದ ಮೇಲೆ ಮತ್ತೆ ಎತ್ತಿಕೊಂಡು ಹೋಗಿ ಮಲಗಿಸಬೇಕು. ಹೆಂಡತಿ ಬೆನ್ನು ಹಿಡಿದುಕೊಂಡು ಓಡಾಡುವುದನ್ನು ಕಂಡ ಪುಟ್ಟಸ್ವಾಮಿ, ಕುಶಾಲನಗರದಲ್ಲಿ ರೇಡಿಯೋ ರಿಪೇರಿ ಮಾಡುವ ದೇರಪ್ಪನನ್ನು ಕರೆಸಿ ವೈರು ಎಳೆಸಿದ. ಅವ್ವನಿಗೂ ಸುಖ, ಹೆಂಡತಿಗೂ ಸುಖ, ನಾನೆಂಥಾ ಬುದ್ಧಿವಂತ ಅಂತ ಮೀಸೆ ತೀಡಿಕೊಂಡ. ಗಂಡಸರಿಗೆ ಒಂದು ವೈರು ಎಳೆಸಿಬಿಟ್ಟರೆ ಲೋಕವೇ ಸರಿಹೋಯಿತು ಅನ್ನಿಸುತ್ತದೆ, ಏನು ಮಾಡೋದು.

ಈ ಕತೆ ನಡೆದದ್ದು ಭತ್ತದ ಕುಯ್ಲಿನ ದಿನ. ಕುಯ್ಲಿನ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಹಿಟ್ಟು, ಅಂದರೆ ರಾಗಿಮುದ್ದೆ, ಹೋಗಬೇಕು ಅಂತ ಕಾಮಾಕ್ಷಮ್ಮ ಕೋಳಿ ಕೂಗುವ ಮುಂಚೆಯೇ ಎದ್ದಿದ್ದಳು. ಎದ್ದಾಗಿನಿಂದ ಹುಚ್ಚಮ್ಮ ಕೋಲು ತಗೊಂಡು ಗೋಡೆ ಕುಟ್ಟುತ್ತಲೇ ಇದ್ದಳು. ಬಿಸಿನೀರು ಬೇಕು ಅಂತ ಒಂದು ಸಲ, ಕಾಫಿ ಆರಿಹೋಗಿದೆ ಅಂತ ಇನ್ನೊಂದು ಸಲ, ದಿಂಬು ಜರುಗಿದೆ ಅಂತ ಮತ್ತೊಂದು ಸಲ. ಹೋದರೆ ಹೆಚ್ಚು ಮಾತಿಲ್ಲ. ಮುಖ ನೋಡುತ್ತಾಳೆ, ಏನೋ ಕಾಯುತ್ತಿರುವವಳ ಹಾಗೆ ಸುಮ್ಮನಿರುತ್ತಾಳೆ, ಆಮೇಲೆ "ಹೋಗು, ನಿಂಗೆ ಕೆಲಸ" ಅಂತಾಳೆ. ಕಾಮಾಕ್ಷಮ್ಮನಿಗೆ ತಲೆ ಕೆಟ್ಟುಹೋಗಿತ್ತು.

ಅಡುಗೆಮನೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ಅವಳ ತಂಗಿ ವಿಮಲಮ್ಮ. ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ವಿಮಲಮ್ಮನ ಗಂಡ ಲಾರಿ ಡ್ರೈವರು, ಇವಳು ಬಂಗಲೆಯ ಅಡುಗೆಮನೆಯಲ್ಲಿ ಕೈಗೆಲಸದವಳು. ಹಿಂದಿನ ದಿನ ಅಕ್ಕನನ್ನು ನೋಡಿ ಹೋಗಲು ಬಂದವಳು, ಆವತ್ತು ಬಸ್ಸು ಹತ್ತಬೇಕಿತ್ತು. ಒಲೆಯ ಪಕ್ಕದ ಹಲಗೆಯ ಮೇಲೆ, ಉಪ್ಪಿನ ಮಡಕೆಯ ಮಗ್ಗುಲಲ್ಲಿ, ಡಬ್ಬ ತನ್ನಷ್ಟಕ್ಕೆ ವಾರ್ತೆ ಓದುತ್ತಿತ್ತು.

ಮತ್ತೆ ಗೋಡೆ ಕುಟ್ಟಿದ ಸದ್ದು ಬಂತು. ಕಾಮಾಕ್ಷಮ್ಮ ಕೈಯಲ್ಲಿ ಹಿಟ್ಟಿನ ಕೋಲು ಹಿಡಿದವಳು ಹಾಗೇ ನಿಂತಳು. ಹಿಟ್ಟು ಬಿಟ್ಟರೆ ಗಂಟಾಗುತ್ತದೆ, ಅತ್ತೆಯನ್ನು ಬಿಟ್ಟರೆ ರಂಪವಾಗುತ್ತದೆ.

"ಯಾವತ್ತು ಕಣ್ಣು ಮುಚ್ತದೋ ಈ ಮುದುಕಿ, ಅವತ್ತು ನಾನೊಂದು ಲೋಟ ಕಾಫಿ ಕೂತ್ಕೊಂಡು ಕುಡೀತೀನಿ ಕಣೆ ವಿಮಲಾ!" ಅಂದುಬಿಟ್ಟಳು. ಮೆಲ್ಲಗಲ್ಲ. ಗಟ್ಟಿಯಾಗಿ, ಕೋಲನ್ನು ಪಾತ್ರೆಗೆ ಬಡಿದು.

ವಿಮಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಕ್ಕಾ! ಆ ಡಬ್ಬದ ಮುಂದೆ ನಿಂತ್ಕೊಂಡು ಇಂಥಾ ಮಾತಾಡ್ತೀಯಲ್ಲ!"

"ಡಬ್ಬಕ್ಕೇನೇ?"

"ಏನು ಅಂತ ಕೇಳ್ತೀಯಾ? ನಮ್ಮ ಬಂಗಲೆ ಅಡುಗೆಮನೇಲೂ ಇಂಥದೇ ಐತೆ. ಅಮ್ಮಾವ್ರು ಮಹಡಿ ಮೇಲೆ ರೂಮಲ್ಲಿ ಕೂತು ಟೀ ತಾ ಅಂದ್ರೆ ಇಲ್ಲಿ ಕೇಳ್ತದೆ. ನಾವಿಲ್ಲಿ ಆಡಿದ್ದು ಅವರಿಗೆ ಅಲ್ಲಿ ಕೇಳ್ತದೆ. ನಮ್ಮ ಬಟ್ಲರ್ ಕೂಸಪ್ಪ ಇದ್ನಲ್ಲ, ಅಮ್ಮಾವ್ರು ನಡೆಯೋದನ್ನ ಬಾತುಕೋಳಿ ಅಂತ ಆಡ್ಕೊಂಡ ಅವನು. ಅವತ್ತೇ ಸಂಜೆ ಗಂಟುಮೂಟೆ ಕಟ್ಟಿಸಿದ್ರು."

"ಥೂ, ಅದು ಬೇರೆ ಇರ್ಬೇಕು. ಇದು ರೇಡಿಯೋದು."

"ವೈರು ವೈರೇ ಅಲ್ವಾ? ಎಲ್ಲೋ ಬೆಂಗಳೂರಲ್ಲಿ ಕೂತೋರ ಮಾತು ಇಲ್ಲಿಗೆ ಬತ್ತದೆ. ಒಂದೇ ಸೂರಿನ ಕೆಳಗಿನ ಮಾತು ಆ ಕೋಣೆಗೆ ಹೋಗಲ್ವಾ?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ನೀವೇ ಹೇಳಿ. ಕಾಮಾಕ್ಷಮ್ಮ ಡಬ್ಬದ ಕಡೆ ತಿರುಗಿ ನೋಡಿದಳು. ಅದು ಮೈಸೂರು ಮಾರುಕಟ್ಟೆಯ ಬೆಲ್ಲದ ಧಾರಣೆ ಹೇಳುತ್ತಿತ್ತು. ಆ ಕಡೆ ಗೋಡೆ ಕುಟ್ಟುವ ಸದ್ದು ನಿಂತುಹೋಗಿತ್ತು. ಅದು ನಿಂತದ್ದನ್ನು ಕೇಳಿ ಕಾಮಾಕ್ಷಮ್ಮನ ಎದೆ ಧಸಕ್ಕೆಂದಿತು.

ತಂಗಿ ಬಸ್ಸಿಗೆ ಹೋದಳು. ಹಚ್ಚುವುದನ್ನು ಹಚ್ಚಿ ಹೋಗುವುದರಲ್ಲಿ ಅವಳು ಚಿಕ್ಕಂದಿನಿಂದಲೂ ಎತ್ತಿದ ಕೈ. ಆಳುಗಳ ಬುತ್ತಿ ಗದ್ದೆಗೆ ಹೋಯಿತು. ಕಾಮಾಕ್ಷಮ್ಮ ತಟ್ಟೆಯಲ್ಲಿ ಬಿಸಿ ಹಿಟ್ಟು, ಅವರೆಕಾಳಿನ ಸಾರು ಹಾಕಿಕೊಂಡು ಅತ್ತೆಯ ಕೋಣೆಗೆ ಹೋದಳು. ಹೋಗುವಾಗ ಕಾಲು ಮುಂದಕ್ಕೆ ಬರುತ್ತಿರಲಿಲ್ಲ.

ಹುಚ್ಚಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಅತ್ತೆ, ಊಟ."

"ಬೇಡ."

"ಅವರೆಕಾಳು ಹಾಕಿದ್ದೀನಿ, ನಿಮಗಿಷ್ಟ ಅಂತ."

"ನಂಗೇನು ಇಷ್ಟ, ಏನು ಕಷ್ಟ ಅಂತ ನಿಂಗೆ ಚೆನ್ನಾಗಿ ಗೊತ್ತೈತೆ. ಎಲ್ಲಾ ಕೇಳಿಸಿ ಆದ್ಮೇಲೂ ಏನೂ ಆಗದೋಳ ಥರ ತಟ್ಟೆ ಹಿಡ್ಕೊಂಡು ಬಂದಿದ್ದೀಯಲ್ಲ, ಭೇಷ್ ಕಣೆ. ತಗೊಂಡ್ ಹೋಗು. ನಿನ್ನ ಕೈ ಅನ್ನ ನಾನು ಮುಟ್ಟಲ್ಲ."

ಕೇಳಿಸಿದೆ. ಒಂದಕ್ಷರ ಬಿಡದೆ ಕೇಳಿಸಿದೆ! ಕಾಮಾಕ್ಷಮ್ಮ ತಟ್ಟೆ ಹಿಡಿದುಕೊಂಡೇ ವಾಪಸು ಬಂದಳು.

ಮಧ್ಯಾಹ್ನ ಅನ್ನ ಮಾಡಿ ಮೊಸರು ಕಲೆಸಿಕೊಂಡು ಹೋದಳು. ಅದೂ ಬೇಡ. ನೀರು ಕೂಡ ಮುಟ್ಟಲಿಲ್ಲ. ಈ ಸಲ ಗೋಡೆಯತ್ತ ಕಣ್ಣು ಹಾಯಿಸಿದರೆ, ಅಲ್ಲಿದ್ದ ಡಬ್ಬದ ವೈರು ಕಿತ್ತು ನೇತಾಡುತ್ತಿದೆ. ಮುದುಕಿ ಕೋಲಿನಿಂದ ಎಳೆದು ಕಿತ್ತುಹಾಕಿದ್ದಳು. ಇನ್ನು ಯಾವ ಅನುಮಾನ? ಸೊಸೆಯ ಬಾಯಿಂದ ಮತ್ತೊಂದು ಮಾತು ಕೇಳಿಸಿಕೊಳ್ಳಬಾರದು ಅಂತಲೇ ಕಿತ್ತದ್ದು.

ಕಾಮಾಕ್ಷಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಭಯವಾಯಿತು, ನಿಜ. ಹಣ್ಣು ಮುದುಕಿ, ಹೀಗೆ ಉಪವಾಸ ಬಿದ್ದರೆ ಎಷ್ಟು ದಿನ ತಡೆದೀತು? ಸೊಸೆ ಸಾಯಲಿ ಅಂದಳಂತೆ, ಅತ್ತೆ ಅನ್ನ ಬಿಟ್ಟು ಸತ್ತಳಂತೆ ಅಂತ ಹೊಳೆಯ ಆ ದಡದವರೂ ಈ ದಡದವರೂ ಆಡಿಕೊಳ್ಳುತ್ತಾರೆ. ಗಂಡ ಮುಖ ನೋಡಲಿಕ್ಕಿಲ್ಲ. ಆದರೆ ಭಯಕ್ಕಿಂತ ಹೆಚ್ಚಾಗಿ ಅವಳನ್ನು ಅಳಿಸಿದ್ದು ನಾಚಿಕೆ. ಆ ಮಾತು ಅವಳ ಮನಸ್ಸಿನದಲ್ಲ. ಸಿಟ್ಟಿನ ಬಾಯಿಗೆ ಬಂದದ್ದು. ಮನಸ್ಸಿನದಲ್ಲ ಅಂತ ಈಗ ಯಾರಿಗೆ ಹೇಳುವುದು? ಹೇಳಿದರೆ ಯಾರು ನಂಬುತ್ತಾರೆ? ಆ ಬಟ್ಲರ್ ಕೂಸಪ್ಪನ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಪಾಪ, ಅವನದು ಬಾತುಕೋಳಿಯಲ್ಲಿ ಮುಗಿದಿತ್ತು.

ಗದ್ದೆಯಿಂದ ಬಂದ ಪುಟ್ಟಸ್ವಾಮಿ ತಾಯಿಯ ಕೋಣೆಗೆ ಇಣುಕಿ ಬಂದ. "ಅವ್ವ ಡಬ್ಬ ಬೇಡ, ತೆಗೆಸಿಬಿಡು ಅಂತಾವ್ಳೆ. ಏನಾಯ್ತೇ?"

"ನಂಗೇನು ಗೊತ್ತು," ಅಂದಳು ಕಾಮಾಕ್ಷಮ್ಮ ಒಲೆ ಊದುತ್ತಾ. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

"ಕರಕರ ಅಂದಿರ್ಬೇಕು, ಅದಕ್ಕೆ ಸಿಟ್ಟು ಬಂದದೆ. ದೇರಪ್ಪನ್ನ ಕರ್ಕೊಂಡು ಬತ್ತೀನಿ, ತಾಳು," ಅಂತ ಹೇಳಿ ಸೈಕಲ್ಲು ಹತ್ತಿದ. ಇಷ್ಟು ದೊಡ್ಡ ಗಂಡಾಂತರಕ್ಕೂ ಅವನ ಹತ್ತಿರ ಇದ್ದ ಮದ್ದು ಅದೇ ವೈರು.

ಹೊತ್ತು ಇಳಿಯುವಾಗ ದೇರಪ್ಪ ಬಂದ. ಭಾಗಮಂಡಲದ ಕಡೆಯವನು, ಮನೆಮಾತು ಅರೆಭಾಷೆ, ಕುಶಾಲನಗರದ ಎಲ್ಲರೊಂದಿಗೂ ಅವರವರ ಮಾತಲ್ಲೇ ಬೆರೆಯುವ ನಗುಮುಖದವನು. ಪುಟ್ಟಸ್ವಾಮಿ ಕಣದ ಕಡೆ ಹೋದ. ಹುಚ್ಚಮ್ಮ ಕಣ್ಣು ಮುಚ್ಚಿಕೊಂಡು ನಿದ್ದೆಯ ನಾಟಕ ಹೂಡಿದ್ದಳು. ದೇರಪ್ಪ ಅಲ್ಲಿ ವೈರು ಸೇರಿಸಿ, ಈ ಕಡೆಯ ಡಬ್ಬವನ್ನೂ ನೋಡಿಬಿಡೋಣ ಅಂತ ಅಡುಗೆಮನೆಗೆ ಬಂದ. ಕಾಮಾಕ್ಷಮ್ಮ ಅವನಿಗೆ ಕಾಫಿ ಕೊಟ್ಟಳು. ಕೊಟ್ಟು ಬಾಗಿಲ ಹತ್ತಿರ ಹೋಗಿ ಆಚೆ ಈಚೆ ನೋಡಿ ಬಂದಳು. ಬಂದು ಅವನ ಕಿವಿಯ ಹತ್ತಿರ ಬಗ್ಗಿದಳು.

"ದೇರಪ್ಪಾ, ಒಂದು ಮಾತು. ಇಲ್ಲಿ ನಾವು ಮಾತಾಡಿದ್ದು ಆ ಕೋಣೆ ಡಬ್ಬಕ್ಕೆ ಹೋಗ್ತದಾ?"

"ಎಂಥ ಅಕ್ಕ?"

"ಜೋರಾಗಿ ಕೇಳ್ಬೇಡಪ್ಪಾ! ಇಲ್ಲಿ ಆಡಿದ ಮಾತು. ಅಲ್ಲಿ ಕೇಳ್ತದಾ?"

ದೇರಪ್ಪ ಕಾಫಿ ನೆತ್ತಿಗೇರಿ ಕೆಮ್ಮಿದ, ಆಮೇಲೆ ನಕ್ಕ. "ಅಯ್ಯೋ ಮಾರಾಯ್ತಿ, ಇದು ರೇಡಿಯೋ ಹೇಳಿದ್ದನ್ನ ಹೇಳ್ತದೆ ಅಷ್ಟೆ. ನೀವು ಇದರ ಮುಂದೆ ನಿಂತು ಬೊಬ್ಬೆ ಹೊಡೆದ್ರೂ ಅದು ಈ ಅಡುಗೆಮನೆ ದಾಟಿ ಹೋಗ್ಲಿಕ್ಕಿಲ್ಲ."

"ನಮ್ಮ ವಿಮಲನ ಬಂಗಲೇಲಿ..."

"ಬಂಗಲೆದು ಬೇರೆ ಅಕ್ಕ. ಅದು ಮಾತಾಡ್ಲಿಕ್ಕೇ ಅಂತ ಮಾಡಿದ್ದು, ಅದಕ್ಕೊಂದು ಗುಂಡಿ ಉಂಟು, ಒತ್ತಿ ಮಾತಾಡ್ಬೇಕು. ಇದರಲ್ಲಿ ಗುಂಡಿ ಎಲ್ಲುಂಟು?"

ಕಾಮಾಕ್ಷಮ್ಮ ಡಬ್ಬವನ್ನು ಹಿಡಿದು ಮುಂದೆ ನೋಡಿದಳು, ಹಿಂದೆ ನೋಡಿದಳು, ತಳ ನೋಡಿದಳು. ಗುಂಡಿ ಇರಲಿಲ್ಲ. "ಆಣೆ?"

"ಕಾವೇರಮ್ಮನಾಣೆ."

ಅಬ್ಬಾ! ಆ ಹೆಂಗಸಿಗೆ ಆದ ನಿರಾಳ ಎಂಥದು ಅಂತ ಹೇಳಲಿ. ತಲೆಯ ಮೇಲಿನ ಹುಲ್ಲಿನ ಹೊರೆ ದೊಪ್ಪನೆ ಕೆಳಗೆ ಹಾಕಿದ ಹಾಗಾಯಿತು. ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ದೇರಪ್ಪ ಗಾಬರಿಯಾಗಿ ಲೋಟ ಇಟ್ಟು ಹೊರಟೇಹೋದ. ಕಾಮಾಕ್ಷಮ್ಮ ಮಿಕ್ಕ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಂಡು, ಮಣೆ ಎಳೆದು ಕೂತು, ಗುಟುಕು ಗುಟುಕಾಗಿ ಕುಡಿದಳು. ಯಾರೂ ಸಾಯಬೇಕಾಗಲಿಲ್ಲ.

ಲೋಟ ಕೆಳಗಿಡುವಾಗ ತಟ್ಟನೆ ಹೊಳೆಯಿತು. ಕೇಳಿಸಿಲ್ಲ ಅಂದಮೇಲೆ, ಮುದುಕಿ ಅನ್ನ ಬಿಟ್ಟಿದ್ದು ಯಾಕೆ? ಎಲ್ಲಾ ಕೇಳಿಸಿ ಆದ್ಮೇಲೂ ಅಂತ ಅಂದದ್ದು ಯಾಕೆ?

ಬೆಳಗಿನ ಸಾರು ಬಿಸಿ ಮಾಡಿದಳು, ಹೊಸದಾಗಿ ಒಂದು ಹಿಟ್ಟು ತೊಳಸಿದಳು. ಈ ಸಲ ಕಾಲು ಸಲೀಸಾಗಿ ಮುಂದೆ ಹೋಯಿತು. ಕೋಣೆಗೆ ಹೋಗಿ ತಟ್ಟೆಯನ್ನು ನೆಲದ ಮೇಲಿಟ್ಟು, ಅತ್ತೆಯ ಮಂಚದ ಕಾಲ ಬುಡದಲ್ಲಿ ಕೂತಳು.

"ಅತ್ತೆ, ನಾನೇನು ಮಾಡ್ದೆ ಹೇಳಿ. ಹೇಳೋ ತನಕ ಏಳಲ್ಲ."

ಸೊಸೆ ಕೂತದ್ದನ್ನು ಕಂಡು ಹುಚ್ಚಮ್ಮನ ಮುಖ ಒಂದು ಥರ ಆಯಿತು. ಬಿಗಿ ಸಡಿಲವಾಯಿತು ಅನ್ನಿ. "ಈಗ ಬಂದ್ಯಾ? ಎಷ್ಟು ದಿನದಿಂದ ಕರೀತಾ ಇದ್ದೀನಿ. ಹೊತ್ತಲ್ಲದ ಹೊತ್ತಲ್ಲಿ ಕರ್ದೆ. ಬಾ ಕೂತ್ಕೊ ಅಂದೆ. ಒಂದು ಸಲ ಆದ್ರೂ ಓ ಅಂದ್ಯಾ?"

"ಯಾವಾಗ ಕರೆದ್ರಿ? ಗೋಡೆ ಕುಟ್ಟಿದಾಗೆಲ್ಲ ಬಂದಿದ್ದೀನಲ್ಲ!"

"ಗೋಡೆ ಕುಟ್ಟೋದು ನೀರಿಗೆ, ಕಾಫಿಗೆ. ಮಾತಿಗಲ್ಲ. ಮಾತಾಡಿದ್ದು ಇದರಲ್ಲಿ," ಅಂತ ಹುಚ್ಚಮ್ಮ ಕೋಲೆತ್ತಿ ಡಬ್ಬ ತೋರಿಸಿದಳು. "ಇದು ಬಂದ ಮೊದಲನೇ ದಿನವೇ ಗೊತ್ತಾಯ್ತು ನಂಗೆ. ಬಾಯಾರ್ಕೆ ಕಣಮ್ಮಿ ಅಂತ ಇದಕ್ಕೆ ಹೇಳ್ದೆ. ಹೇಳಿ ಮುಗಿಸೋದ್ರೊಳಗೆ ನೀನು ಚೊಂಬಲ್ಲಿ ನೀರು ತಂದೆ. ಅವತ್ತಿಂದ ದಿನಾ ಇದರಲ್ಲಿ ನಿನ್ನ ಹತ್ರ ಮಾತಾಡ್ತೀನಿ. ನೀನು ಬಾಯಿ ಬಿಡಲ್ಲ. ಕಾಫಿ ತರ್ತೀಯ, ಕಲ್ಲಿನ ಹಂಗೆ ನಿಂತ್ಕೋತೀಯ, ಹೋಗ್ತೀಯ."

ಆ ಹೊತ್ತಿಗೆ ದಿನಾ ಅತ್ತೆಗೆ ನೀರು ಕೊಡುವುದು ಕಾಮಾಕ್ಷಮ್ಮನ ರೂಢಿ. ಅದು ಆ ದಿನವೂ ಆಗಿತ್ತು.

ಹುಚ್ಚಮ್ಮನ ದನಿ ಇಳಿಯಿತು. "ನೆನ್ನೆ ನಂಗೂ ಸಿಟ್ಟು ಬಂತು. ಬೈದುಬಿಟ್ಟೆ. ಕಲ್ಲು ಮನಸ್ಸಿನೋಳೆ, ನಿಮ್ಮಪ್ಪನ ಮನೇಲಿ ನಿಂಗೆ ಕಲಿಸಿದ್ದು ಇದೇನಾ ಅಂದೆ. ಕಿವುಡು ಮುಂಡೇದೆ ಅಂದೆ. ನೀನು ಬಂದು ಪಕ್ಕದಲ್ಲಿ ಕೂರೋ ತನಕ ನಿನ್ನ ಕೈ ಅನ್ನ ಮುಟ್ಟಲ್ಲ ಅಂತ ಆಣೆ ಇಟ್ಟೆ. ಬೆಳಿಗ್ಗೆ ತಟ್ಟೆ ವಾಪಸು ತಗೊಂಡು ಹೋಗೋವಾಗ ನಿನ್ನ ಮುಖ ನೋಡ್ದೆ, ಅಳು ಉಕ್ಕಿ ಬರೋ ಹಂಗಿತ್ತು. ಬೈದಿದ್ದು ಜಾಸ್ತಿ ಆಯ್ತು ಅಂತ ಗೊತ್ತಾಯ್ತು. ಆಣೆ ಇಟ್ಟಾಗಿತ್ತಲ್ಲ, ಏನು ಮಾಡ್ಲಿ? ಇನ್ನು ಬಾಯಿಗೆ ಬಂದದ್ದು ಅನ್ನಬಾರ್ದು ಅಂತ ವೈರು ಕಿತ್ತಾಕ್ದೆ."

"ಅತ್ತೆ," ಅಂದಳು ಕಾಮಾಕ್ಷಮ್ಮ, "ಇದರಲ್ಲಿ ಏನೂ ಬರಲ್ಲ. ಈಗ ದೇರಪ್ಪ ಹೇಳ್ದ. ಬೆಂಗಳೂರಿಂದು ಬರ್ತದೆ, ನಿಮ್ಮದು ಬರಲ್ಲ. ಒಂದು ದಿನಾನೂ ಬಂದಿಲ್ಲ."

"ಬೈದಿದ್ದು?"

"ಬಂದಿಲ್ಲ."

"ಕಿವುಡು ಮುಂಡೇದು?"

"ಇಗೋ, ಈಗ ಕೇಳ್ತಾ ಇದ್ದೀನಿ."

ಹುಚ್ಚಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು "ಉಸ್ಸಪ್ಪಾ ಶಿವನೇ" ಅಂತ ಉಸಿರು ಬಿಟ್ಟಳು. ಆಮೇಲೆ ಮುಖ ಬಾಡಿತು. "ಹಂಗಾದ್ರೆ ಒಳ್ಳೇ ಮಾತು ಹೇಳಿದ್ದು? ಅದೂ ಇಲ್ವಾ?"

"ಅದೂ ಇಲ್ಲ. ಏನು ಹೇಳಿದ್ರಿ? ಈಗ ಹೇಳಿ."

"ಮುಖ ನೋಡ್ಕೊಂಡು ಹೇಳೋಕಾಗ್ತದೇನೆ ಅಂಥಾ ಮಾತು? ನಾಚ್ಕೆ ಆಗಲ್ವಾ?" ಅತ್ತೆಯಾದವಳು ಸೊಸೆಯ ಎದುರು ಆಡುವುದು ಬೇಕು ಬೇಡಗಳ ಮಾತು ಮಾತ್ರ. ಆ ಮನೆಯಲ್ಲಿ ಅದೇ ನಡೆದುಕೊಂಡು ಬಂದದ್ದು. "ನೀನು ಆ ಕಡೆ ತಿರುಗಿ ಕೂತ್ಕೊ. ಡಬ್ಬಕ್ಕೆ ಹೇಳ್ತೀನಿ."

ಕಾಮಾಕ್ಷಮ್ಮ ಬಾಗಿಲ ಕಡೆ ತಿರುಗಿ ಕೂತಳು. ಹುಚ್ಚಮ್ಮ ಗಂಟಲು ಸರಿ ಮಾಡಿಕೊಂಡು ಡಬ್ಬಕ್ಕೆ ಹೇಳಿದಳು:

"ಕಾಮಾಕ್ಷಿ, ಈ ಡಬ್ಬ ಬೇಡ ಅಂತ ಪುಟ್ಟನಿಗೆ ಹೇಳು. ನಿನ್ನ ಬೆನ್ನು ನೋಯ್ತದೆ, ಗೊತ್ತು. ದಿನಾ ಬೇಡ, ಆದಾಗ ಎತ್ಕೊಂಡು ಹೋಗು. ಮುಂಚೆ ನನ್ನ ಪಡಸಾಲೇಲಿ ಕೂರಿಸಿ ನೀನೂ ಬಾಗಿಲಿಗೆ ಒರಗಿ ಕೂರ್ತಿದ್ದೆ. ಕೂತು ತೂಕಡಿಸ್ತಿದ್ದೆ. ಇಡೀ ದಿನದಲ್ಲಿ ನೀನು ಕೂರ್ತಿದ್ದದ್ದು ಅದೊಂದೇ ಹೊತ್ತು. ನಂಗೆ ವಾರ್ತೆಯೂ ಬೇಡ, ಭಜನೆಯೂ ಬೇಡ ಕಣಮ್ಮಿ. ನೀನು ತೂಕಡಿಸೋದ ನೋಡ್ಕೊಂಡು ಕೂತಿರ್ತಿದ್ದೆ. ಅಷ್ಟೆ."

ಕಾಮಾಕ್ಷಮ್ಮನಿಗೆ ಕಣ್ಣು ಕಾಣದಾಯಿತು. ಸೆರಗಿನಿಂದ ಒರೆಸಿಕೊಂಡರೂ ಮತ್ತೆ ತುಂಬಿಕೊಂಡಿತು. ಸುಮ್ಮನಿದ್ದುಬಿಟ್ಟರೆ ಬಚಾವು. ಅವಳು ಆಡಿದ್ದು ಯಾರಿಗೂ ಕೇಳಿಸಿಲ್ಲ, ಕಾವೇರಮ್ಮನಾಣೆ ಸಿಕ್ಕಾಗಿದೆ. ಆದರೆ ಇಷ್ಟು ಕೇಳಿಸಿಕೊಂಡ ಮೇಲೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವಳ ಕೈಲಾಗಲಿಲ್ಲ. ಬಾಗಿಲು ನೋಡುತ್ತಲೇ ಹೇಳಿದಳು.

"ಅತ್ತೆ, ಬೆಳಿಗ್ಗೆ ವಿಮಲನ ಹತ್ರ ನಾನೂ ಒಂದು ಮಾತು ಅಂದೆ. ಈ ಮುದುಕಿ ಯಾವತ್ತು ಕಣ್ಣು ಮುಚ್ತದೋ, ಅವತ್ತು ಕೂತು ಕಾಫಿ ಕುಡೀತೀನಿ ಅಂದೆ. ಅದು ನಿಮಗೆ ಕೇಳಿಸ್ತು ಅಂತ ಅತ್ತಿದ್ದು."

ಹಿಂದೆ ಮಂಚ ಅಲುಗಾಡಿತು. ಅಳುತ್ತಿದ್ದಾಳೆ ಅಂತ ಕಾಮಾಕ್ಷಮ್ಮ ಗಾಬರಿಯಾಗಿ ತಿರುಗಿದಳು. ಮುದುಕಿ ಹಲ್ಲಿಲ್ಲದ ಬಾಯಿ ಅಗಲಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಷ್ಟೇನಾ? ಅಷ್ಟಕ್ಕೆ ಬೆಳಗಿಂದ ಅತ್ಯಾ? ಅಯ್ಯೋ ಹುಚ್ಚಿ! ನಾನು ನಮ್ಮತ್ತೇನ ದಿನಾ ಎದ್ದು ಮುಖ ತೊಳೆಯೋ ಮುಂಚೆ ಸಾಯ್ಲಿ ಅಂತಿದ್ದೆ. ಅಂದಷ್ಟೂ ಗುಂಡುಕಲ್ಲಾದ್ಲು. ನಿನ್ನ ಮದುವೇಲಿ ಅಕ್ಷತೆ ಹಾಕಿದ್ಲಲ್ಲ, ನೆನಪಿಲ್ವಾ?" ನಗುತ್ತಾ ನಗುತ್ತಾ ಅವಳ ದನಿ ಒಂದು ಸಲ ಒಡೆಯಿತು. "ಅವಳು ಹೋದ ದಿನ ನಾನು ಅತ್ತಷ್ಟು ಅವಳು ಹೆತ್ತ ಮಕ್ಕಳೂ ಅಳಲಿಲ್ಲ ಕಣೆ. ಹೂಂ, ಈಗ ಹಿಟ್ಟು ಹಾಕು. ಹಸಿದು ಕಣ್ಣು ಕತ್ತಲೆ ಬತ್ತಾ ಐತೆ."

ಕಾಮಾಕ್ಷಮ್ಮ ಹಿಟ್ಟು ಮುರಿದು ಸಾರಿಗೆ ಅದ್ದಿ ಕೈಗೆ ಕೊಟ್ಟಳು. ಹುಚ್ಚಮ್ಮ ನುಂಗಿದಳು, ಮತ್ತೆ ಕೈ ಚಾಚಿದಳು. ಸಾರಿಗೆ ಉಪ್ಪು ಕಮ್ಮಿ ಅಂತ ಬೈಯುತ್ತಲೇ ತಟ್ಟೆ ಪೂರಾ ಬಳಿದು ಉಂಡಳು.